ಸಿನಿಮಾದ ಸೈನಿಕನ ಮೇಲೆ ಮಾವನ ಹೊಟ್ಟೆಕಿಚ್ಚು

ನಮ್ಮ ಮಾವನಿಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಪಕ್ಕದ ಮನೆಯವರ ಕರಿಬೇವಿನ ಗಿಡ ಸೊಂಪಾಗಿ ಬೆಳೆದರೂ ಅವರಿಗೆ ಸಂಕಟ. ಆದರೆ ಸಿನಿಮಾದಲ್ಲಿ ಸತ್ತವನ ಮೇಲೂ ಒಬ್ಬ ಮನುಷ್ಯ ಹೊಟ್ಟೆ ಉರಿದುಕೊಳ್ಳಬಹುದು ಎಂದು ನನಗೆ ಗೊತ್ತಾದದ್ದು ಹೋದ ಭಾನುವಾರ.

ಮಾವ ಎಂದರೆ ರೇವಣಸಿದ್ದಯ್ಯ, ನನ್ನ ಗಂಡ ಗಿರಿರಾಜನ ತಂದೆ. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಹಿಮದ ರಸ್ತೆಗಳಲ್ಲಿ ಅಕ್ಕಿ, ಬೇಳೆ, ಸೀಮೆಎಣ್ಣೆ ಮುಟ್ಟಿಸಿ, ಹವಾಲ್ದಾರರಾಗಿ ನಿವೃತ್ತಿ ಪಡೆದು ವಿಜಯನಗರದ ಮನೆಗೆ ಮರಳಿದರು. ಅವರಿಗೆ ಹೆಂಡತಿಯ ಮೇಲೆ ಒಂದು ಹಳೆಯ ದೂರು ಇತ್ತು. ಕಾರ್ಗಿಲ್ ಯುದ್ಧದ ಕಾಲದಲ್ಲಿ ರಜೆ ಮುಗಿಯುವ ಮೊದಲೇ ಕರೆ ಬಂದು ಅವರು ಟ್ರಂಕು ಹೊತ್ತು ಹೊರಟಾಗ, ಅತ್ತೆ ಬಸವರಾಜೇಶ್ವರಿ ಮಗನನ್ನು ಎತ್ತಿಕೊಂಡು ಗೇಟಿನ ಬಳಿ ನಿಂತು "ಹುಷಾರಾಗಿ ಹೋಗ್ಬನ್ನಿ" ಎಂದರಂತೆ, ಅಷ್ಟೇ. ಕಣ್ಣಲ್ಲಿ ಒಂದು ಹನಿಯಿಲ್ಲ. ರೈಲಿನಲ್ಲಿ ಉಳಿದ ಜವಾನರು ತಮ್ಮ ಹೆಂಡಂದಿರು ಗೋಳಾಡಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವಾಗ ಮಾವನೂ ಒಂದು ಸುಳ್ಳು ಕಥೆ ಕಟ್ಟಬೇಕಾಯಿತು. ಆ ಉರಿ ಇನ್ನೂ ಆರಿಲ್ಲ. ಹಬ್ಬದ ದಿನ ನೆಂಟರ ಮುಂದೆಯೂ "ಇವಳದು ಕಲ್ಲೆದೆ ಕಣಮ್ಮ" ಎನ್ನುತ್ತಾರೆ. ಅತ್ತೆ ಹೋಳಿಗೆಗೆ ತುಪ್ಪ ಹಾಕಿ ಒಳಗೆ ಹೋಗುತ್ತಾರೆ.

ಭಾನುವಾರ ಬೆಳಗಿನ ಆಟಕ್ಕೆ ಇಬ್ಬರನ್ನೂ ಮಾಗಡಿ ರಸ್ತೆಯ ಮಾಲ್‌ಗೆ ಕರೆದುಕೊಂಡು ಹೋದವಳು ನಾನೇ. ಯುದ್ಧದ ಸಿನಿಮಾ, ಮಾವನಿಗೆ ಖುಷಿಯಾಗಲಿ ಎಂದು. ಶುರುವಿನಲ್ಲೇ ಅವರು ನಾಯಕನ ಕೂದಲಿಗೆ ತಕರಾರು ತೆಗೆದರು. "ಯಾವ ರೆಜಿಮೆಂಟಲ್ಲಿ ಬಿಡ್ತಾರೆ ಇಷ್ಟುದ್ದ?" ಹಿಂದಿನ ಸಾಲಿನವರು ಶ್ ಎಂದರು. ನಾಯಕ ಯುದ್ಧಕ್ಕೆ ಹೊರಡುವಾಗ ಅವನ ಹೆಂಡತಿ ರೈಲಿನ ಕಂಬಿ ಹಿಡಿದುಕೊಂಡು ಅಳುತ್ತಾಳೆ. ಮಾವ ನನ್ನತ್ತ ಬಾಗಿ, "ನೋಡು ಸೌಮ್ಯ, ಹೆಂಡ್ತಿ ಅಂದ್ರೆ ಹಿಂಗಿರ್ಬೇಕು" ಎಂದರು. ಅತ್ತೆ ಮಾತ್ರ ಲೊಚಗುಟ್ಟಿ ಮುಖ ಆಚೆ ತಿರುಗಿಸಿಕೊಂಡರು.

ಆದರೆ ಕೊನೆಯಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆ ಬಂತು ನೋಡಿ, ಅತ್ತೆ ಬಿಕ್ಕತೊಡಗಿದರು. ಸೆರಗು ಒದ್ದೆಯಾಯಿತು, ನನ್ನ ಕರ್ಚೀಫೂ ಒದ್ದೆಯಾಯಿತು. ದೀಪ ಹತ್ತಿದರೂ ನಿಲ್ಲಲಿಲ್ಲ. ಮಾವ ಪರದೆಯನ್ನು ನೋಡುತ್ತಿರಲಿಲ್ಲ, ಹೆಂಡತಿಯನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು.

ಆಟೋ ಹಿಡಿದು ಬಂದೆವು. ಮನೆಯಲ್ಲಿ ಗಿರಿರಾಜ್ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ. ಪುಣೆಯಲ್ಲಿ ಟ್ರೈನಿಂಗ್, ಮಧ್ಯಾಹ್ನದ ರೈಲು. ನಾನು ಅವಸರದಲ್ಲಿ ತಟ್ಟೆ ಹಾಕಿದೆ. ಮಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಆ ಹುಡುಗ ಯಾರು ನಿಂಗೆ? ಬಣ್ಣ ಹಚ್ಕೊಂಡು ಬಂದೋನು. ಅವನಿಗೆ ಅಷ್ಟೊಂದು ಅಳು. ನಾನು ಸಾಯೋಕೆ ಹೊರಟಿದ್ದಾಗ ಎಲ್ಲಿತ್ತು ಅದು?"

ನನಗೆ ಮೊದಲು ನಗು ಬಂತು. ಮುಖ ನೋಡಿದ ಮೇಲೆ ಬರಲಿಲ್ಲ. ಅಷ್ಟು ವರ್ಷ ಆ ಮನುಷ್ಯ, ತಾನು ಸತ್ತಿದ್ದರೆ ಇವಳು ಅಳುತ್ತಿದ್ದಳೋ ಇಲ್ಲವೋ ಎಂದು ಕೊರಗುತ್ತಲೇ ಇದ್ದರು.

ಅತ್ತೆ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕುಳಿತರು.

"ಹೊರಟೋರ ಹಿಂದೆ ಕಣ್ಣೀರು ಹಾಕಿದ್ರೆ ಅವರು ವಾಪಸ್ ಬರಲ್ಲ ಅಂತ ನಿಮ್ಮಮ್ಮನೇ ಹೇಳಿದ್ದು. ಅವತ್ತು ನನ್ನ ಬೆನ್ನ ಹಿಂದೆ ನಿಂತು ತೋಳು ಹಿಂಡಿ ಹಿಡ್ಕೊಂಡಿದ್ರು. ನೀಲಿಗಟ್ಟಿತ್ತು. ಅವರೂ ಅಳ್ಳಿಲ್ಲ. ಹೆತ್ತ ತಾಯಿ ಯಾಕೆ ಅಳ್ಳಿಲ್ಲ ಅಂತ ಒಂದಿನ ಕೇಳಿದ್ರಾ ನೀವು?"

ಮಾವ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಹೆಂಗಸರ ಈ ಶಾಸ್ತ್ರವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಚಿಕ್ಕ ದನಿಯಲ್ಲಿ ಕೇಳಿದರು, "ಬಂದ ಮೇಲಾದ್ರೂ ಅಳಬಹುದಿತ್ತಲ್ಲ?"

"ಎಲ್ಲಿ ಬಿಟ್ರಿ? ಟ್ರಂಕು ಇಳಿಸೋಕೆ ಮುಂಚೆ ಊಟಕ್ಕೇನಿದೆ ಅಂದ್ರಿ. ಅಡುಗೆ ಮನೆಗೆ ಹೋದೆ." ಅತ್ತೆ ತಟ್ಟೆಯನ್ನು ಮತ್ತೆ ಅವರ ಮುಂದಕ್ಕೆ ತಳ್ಳಿದರು. "ಆ ಹುಡುಗ ಸತ್ತೋದ. ಇನ್ನು ಬರೋನಲ್ಲ. ಅವನಿಗೆ ಎಷ್ಟು ಬೇಕಾದ್ರೂ ಅಳಬಹುದು. ನಿಮಗೂ ಅಂಥ ಅಳು ಬೇಕಿತ್ತಾ?"

ಹಿಮದಲ್ಲಿ ಲಾರಿ ಉರುಳಿದಾಗಲೂ ಅಳದ ಮಾವ ಅನ್ನದ ತಟ್ಟೆಯ ಮುಂದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಅಷ್ಟರಲ್ಲಿ ಗಿರಿರಾಜ್ ಬ್ಯಾಗು ಹೆಗಲಿಗೇರಿಸಿ ಹೊಸ್ತಿಲ ಬಳಿ ಬಂದು ಚಪ್ಪಲಿ ಹುಡುಕತೊಡಗಿದ. ಅತ್ತೆ ತಟ್ಟನೆ ಎದ್ದು, ಮಗನಿಗೆ ಕಾಣದಂತೆ ಮಾವನಿಗೆ ಅಡ್ಡವಾಗಿ ನಿಂತು, ಅವರ ತೋಳನ್ನು ಬಿಗಿಯಾಗಿ ಹಿಡಿದರು.

"ಕಣ್ಣೊರೆಸ್ಕೊಳ್ಳಿ," ಎಂದು ಪಿಸುಗುಟ್ಟಿದರು. "ಮಗ ಹೊರಟಿದಾನೆ."