ಹತ್ತು ಗಂಟೆಗೆ ಸರಿಯಾಗುವ ಕಾರು

ಮಂಗಳೂರಿನಲ್ಲಿ ಚಳಿ ಉಂಟೆಂದರೆ ಜನ ನಗುತ್ತಾರೆ. ನಮ್ಮ ಹಳೇ ಆಟೋಮ್ಯಾಟಿಕ್ ಕಾರು ನಗುವುದಿಲ್ಲ. ಲಕ್ವ ಹೊಡೆದು ಎಡಗಾಲು ಸೋತ ಮೇಲೆ, ಕ್ಲಚ್ ತುಳಿಯುವ ಕಷ್ಟ ಬೇಡವೆಂದು ನನ್ನ ಗಂಡ ಕೊಂಡ ಕಾರು ಅದು. ಈಗ ಓಡಿಸುವುದು ನಾನೇ. ಡಿಸೆಂಬರಿನ ಬೆಳಗ್ಗೆ ಮೀನಿಗೆಂದು ಬಂದರಿನ ಧಕ್ಕೆಗೆ ಹೊರಟರೆ ಎಂಜಿನ್ ಅರಚುತ್ತದೆ, ಎರಡನೇ ಗೇರು ಬೀಳುವುದೇ ಇಲ್ಲ. ಕೊನೆಗೆ ಬಿದ್ದರೂ ಬೆನ್ನಿಗೆ ಗುದ್ದಿದ ಹಾಗೆ ಬೀಳುತ್ತದೆ.

ಹೊಳೆಯಾಚೆ ತೊಕ್ಕೊಟ್ಟಿನ ಗ್ಯಾರೇಜು ತೆರೆಯುವುದು ಹತ್ತಕ್ಕೆ. ಅಷ್ಟರಲ್ಲಿ ಬಿಸಿಲೇರಿ, ಸೇತುವೆ ದಾಟುವಾಗ ಗೇರಿನ ಆಯಿಲ್ ಬಿಸಿಯಾಗಿ, ಕಾರು ಸಾಧುವಾಗಿರುತ್ತದೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, "ಇದಕ್ಕೆ ಎಂತದೂ ಆಗಿಲ್ಲ ಅಕ್ಕ. ಮಂಗಳೂರಲ್ಲಿ ಎಂತ ಚಳಿ!" ಎನ್ನುತ್ತಾನೆ.

ಗಂಡನದೂ ಅದೇ ಕತೆ. ಬೆಳಗ್ಗೆ ಮರಗಟ್ಟಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವಾಗ ನೋವಿಗೆ ನನ್ನನ್ನೇ ಬೈಯುತ್ತಾರೆ, ಆಮೇಲೆ ಅಳುತ್ತಾರೆ. ಹನ್ನೊಂದಕ್ಕೆ ಡಾಕ್ಟರ ಮುಂದೆ ಮಾತ್ರ ಕೋಲಿಲ್ಲದೆ ನಡೆದು ತೋರಿಸುತ್ತಾರೆ. "ತುಂಬ ಇಂಪ್ರೂವ್ ಆಗಿದ್ದಾರೆ, ನೀವು ಸುಮ್ಮನೆ ಹೆದರ್ತೀರಿ" ಎಂದು ಡಾಕ್ಟರು ನನಗೇ ಬುದ್ಧಿ ಹೇಳುತ್ತಾರೆ.

ನೋಡುವವರೆಲ್ಲ ಬಿಸಿಲು ಬಂದ ಮೇಲೆಯೇ ನೋಡುತ್ತಾರೆ. ಬೆಳಗ್ಗೆ ಆರಕ್ಕೆ ಈ ಕಾರಿನ ಜೊತೆ, ಗಂಡನ ಜೊತೆ ಇರುವವಳು ನಾನೊಬ್ಬಳೇ.