ಬಿಟ್ಟ ಎರಡು ಹಾಳೆ

ನಾನು ನಿಂತಿದ್ದದ್ದು ಸಿರುಗುಪ್ಪದ ಗ್ರಂಥಾಲಯದ ಬಾಗಿಲ ಬಲಕ್ಕೆ, ಚಪ್ಪಲಿ ಬಿಡುವ ಜಾಗದಲ್ಲಿ. ಏಳು ವರ್ಷದ ಹಿಂದಿನ ಒಂದು ಶನಿವಾರ, ಮಧ್ಯಾಹ್ನ ಮೂರು ದಾಟಿತ್ತು. ಮೇಡಂ ಮಕ್ಕಳ ನಡುವೆ ಚಾಪೆಯ ಮೇಲೆ ಕೂತು ಕಥೆ ಓದುತ್ತಿದ್ದರು. ಅವರ ಎಡಗೈಯ ತೋರುಬೆರಳು ಹುಟ್ಟಿನಿಂದ ಕೊಂಚ ಡೊಂಕು. ತಿರುವುವ ಮುನ್ನ ಆ ಬೆರಳು ಹಾಳೆಯ ಮೂಲೆಯನ್ನು ಎತ್ತಿ ಹಿಡಿದು ಕಾಯುತ್ತಿತ್ತು. ಮಕ್ಕಳು ಅವರ ಮುಖಕ್ಕಿಂತ ಆ ಬೆರಳನ್ನೇ ನೋಡುತ್ತಿದ್ದರು.

ಬಳ್ಳಾರಿಯಲ್ಲಿ ಅವರು ಮಕ್ಕಳ ವಿಭಾಗದ ಗ್ರಂಥಪಾಲಕರು, ನಾನು ಸಹಾಯಕ. ತಿಂಗಳಿಗೊಮ್ಮೆ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿಕೊಂಡು ಸಿರುಗುಪ್ಪಕ್ಕೂ ಕುರುಗೋಡಿಗೂ ಹೋಗುತ್ತಿದ್ದೆವು. ಬಳ್ಳಾರಿಯ ಬ್ರೂಸ್‌ಪೇಟೆಯ ಪುಸ್ತಕದಂಗಡಿಯಲ್ಲಿ ಅವರು ನಿಂತಲ್ಲೇ ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದಿ ಆರಿಸುತ್ತಿದ್ದರು.

"ಏನ್ರಿ ಮೇಡಂ, ಎಲ್ಲಾ ಇಲ್ಲೇ ಓದಿ ಮುಗಿಸಿದ್ರ ಮನಿಗೆ ಒಯ್ಯಾಕ ಏನ್ ಉಳಿತೈತಿ?" ಎಂದು ಅಂಗಡಿಯವನು ಛೇಡಿಸುತ್ತಿದ್ದ.

"ಅಕ್ಕಿ ತಗೊಳ್ಳಾಗ ನೀವು ಹಲ್ಲಾಗ ಕಡದು ನೋಡಲ್ಲೇನ್ರಿ? ಸುಮ್ನಿರ್ರಿ," ಎನ್ನುತ್ತಿದ್ದರು.

ಯಾವ ಊರಿಗೆ ಯಾವ ಕಥೆ ಎಂಬುದು ಬೇರೆಯೇ ಲೆಕ್ಕ. ಹೋಗುವ ಎರಡು ದಿನ ಮುಂಚೆ ನಾನು ಆ ಊರಿನ ಮಾಸ್ತರಿಗೆ ಫೋನ್ ಮಾಡಿ, ಒಂದೊಂದು ಮಗುವಿನ ಮನೆಯ ಸುದ್ದಿ ಕೇಳಿ, ಚೀಟಿ ಬರೆದು ಕೊಡಬೇಕಿತ್ತು. ಯಾರಿಗೆ ತಮ್ಮ ಹುಟ್ಟಿದ್ದಾನೆ, ಯಾರ ಅಪ್ಪ ಜಗಳವಾಡಿ ಊರು ಬಿಟ್ಟಿದ್ದಾನೆ, ಯಾರ ನಾಯಿ ಸತ್ತಿದೆ. ಅದನ್ನು ಓದಿದ ಮೇಲೆಯೇ ಕಥೆ ಆರಿಸುತ್ತಿದ್ದರು.

ಆ ಸಲ ಮಾಸ್ತರು, ರಾರಾವಿ ಹಳ್ಳಿಯಿಂದ ಒಬ್ಬ ಹುಡುಗಿ ಹೊಸದಾಗಿ ಬಂದು ಚಿಕ್ಕಮ್ಮನ ಮನೆಯಲ್ಲಿದ್ದಾಳೆ ಎಂದರು. ಯಾಕೆ ಬಂದಳೆಂದು ನಾನು ಕೇಳಲಿಲ್ಲ. ಹೆಸರಷ್ಟೇ ಬರೆದೆ. ಕೇಳಿದ್ದರೆ ಆ ಕಥೆ ಅಂದು ಪೆಟ್ಟಿಗೆಯಿಂದ ಹೊರಬರುತ್ತಿರಲಿಲ್ಲ.

ಅಂದು ಓದುತ್ತಿದ್ದದ್ದು ಒಂದು ಕೊಕ್ಕರೆ ಮತ್ತು ಅದರ ಮರಿಯ ಕಥೆ. ತಾಯಿ ಕೊಕ್ಕರೆ ಸಾಯುವ ಹಾಳೆ ಹತ್ತಿರ ಬಂದಿತ್ತು. ಆ ಹೊಸ ಹುಡುಗಿಯನ್ನು ಕರೆತಂದು ಮಕ್ಕಳ ಜೊತೆ ಕೂರಿಸಿ ನನ್ನ ಪಕ್ಕ ನಿಂತಿದ್ದ ಚಿಕ್ಕಮ್ಮ ಮೆಲ್ಲಗೆ ಹೇಳಿದರು: "ಈಕಿ ಅವ್ವ ತೀರ್ಕೊಂಡು ಇನ್ನೂ ತಿಂಗಳಾಗಿಲ್ರಿ ಸರ್."

ನಾನು ಬೇಡವೆಂದು ಮೇಡಂ ಕಡೆ ಕೈ ಅಲ್ಲಾಡಿಸಿದೆ. ಅವರು ನನ್ನನ್ನು, ಚಿಕ್ಕಮ್ಮನನ್ನು, ಆಮೇಲೆ ಹುಡುಗಿಯನ್ನು ನೋಡಿದರು. ಅರ್ಥವಾಯಿತು. ಒಮ್ಮೆಲೇ ಎರಡು ಹಾಳೆ ತಿರುವಿ, ಮರಿ ಒಂದೇ ಹಾರುವಲ್ಲಿಂದ ಓದತೊಡಗಿದರು.

"ಮೇಡಂ, ಎರಡು ಹಾಳಿ ಬಿಟ್ರಿ," ಎಂದಳು ಹುಡುಗಿ.

"ಅದು ಅಷ್ಟು ಚಲೋ ಇಲ್ಲವ್ವಾ."

"ಆಗ್ಲೇ ಅದರ ಅವ್ವ ಇತ್ತಲ್ರಿ. ಎಲ್ಲಿ ಹೋತು?"

ಮೇಡಂ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಅವಳನ್ನು ಪಕ್ಕ ಕೂರಿಸಿಕೊಂಡು, ಪುಸ್ತಕದ ಒಂದು ಬದಿಯನ್ನು ಅವಳ ಕೈಗೆ ಕೊಟ್ಟು, ಒಂದು ಅಕ್ಷರ ಬಿಡದೆ ಓದಿದರು. ಹುಡುಗಿ ಅತ್ತಳು. ಅಳುತ್ತಲೇ "ಇನ್ನೊಮ್ಮೆ ಓದ್ರಿ" ಎಂದಳು. ಓದಿದರು.

ವಾಪಸು ಬಸ್ಸಿನಲ್ಲಿ ನಾನು ತಪ್ಪಾಯಿತೆಂದೆ. "ನೀ ಕೇಳಲಿಲ್ಲ, ಅದು ತಪ್ಪೇ. ನಾ ಹಾಳಿ ಹಾರಿಸಿದ್ನಲ್ಲ, ಅದನ್ನ ಯಾರಿಗೆ ಹೇಳ್ಲಪಾ," ಎಂದರು ಮೇಡಂ.

ಹೋದ ವರ್ಷ ಅವರು ತೀರಿಕೊಂಡರು. ಸಿರುಗುಪ್ಪಕ್ಕೂ ಕುರುಗೋಡಿಗೂ ಈಗ ನಾನೊಬ್ಬನೇ ಪೆಟ್ಟಿಗೆ ಒಯ್ಯುತ್ತೇನೆ. ಏನನ್ನೂ ಬಿಡದೆ ಕೇಳಿ ಬರೆದುಕೊಳ್ಳುತ್ತೇನೆ. ಬರೆದಾದ ಮೇಲೆ ಎಷ್ಟೋ ಸಲ ಚೀಟಿ ಹಿಡಿದು ಅವರ ಕುರ್ಚಿಯ ತನಕ ನಡೆದುಬಿಟ್ಟಿದ್ದೇನೆ. ಕೊಡಲು ಅಲ್ಲಿ ಯಾರೂ ಇರುವುದಿಲ್ಲ.

ಆ ಶನಿವಾರವನ್ನು ಕಂಡವರಲ್ಲಿ ಈಗ ಎಲ್ಲಿದ್ದಾರೆಂದು ನನಗೆ ಗೊತ್ತಿರುವವರು ಇವರು: ಚಿಕ್ಕಮ್ಮ, ಸಿರುಗುಪ್ಪದ ರೈಸ್‌ಮಿಲ್ಲೊಂದಕ್ಕೆ ಕೆಲಸಕ್ಕೆ ಹೋಗುತ್ತಾರೆ. ಆ ಹುಡುಗಿ, ಬಳ್ಳಾರಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಮತ್ತು ನಾನು.