ಗೋಧಿ ಗದ್ದೆಗೆ ನೀರು ಕಟ್ಟಿದ ಭಾವ

ಮಿರ್ಲೆಯ ಗದ್ದೆ ಬದುವಿನ ಮೇಲೆ ಅವತ್ತು ಮೂರು ಜನ ನಿಂತಿದ್ದೆವು. ಭಾವ, ಅಕ್ಕ, ನಾನು. (ಯೂರಿಯಾ ಮೂಟೆಯನ್ನೂ ಸೇರಿಸಿದರೆ ನಾಲ್ಕು.)

ಎದುರಿಗೆ ಗೋಧಿ. ಹೌದು ಸ್ವಾಮಿ, ನಾಲೆ ನೀರಿಗೆ ಭತ್ತ ಬಿಟ್ಟರೆ ಬೇರೆ ಬೆಳೆಯ ಮುಖ ನೋಡದ ಊರಿನಲ್ಲಿ ಗೋಧಿ! ಮಗಳ ನಿಶ್ಚಿತಾರ್ಥದ ದಿನ ಭಾವ ಬಿಳಿಕೆರೆಯ ಬೀಗರ ಮುಂದೆ ಎದೆಯುಬ್ಬಿಸಿ ಹೇಳಿಬಿಟ್ಟಿದ್ದರು: "ಮದ್ವೆ ಒಬ್ಬಟ್ಟು ಅಂಗ್ಡಿ ಹಿಟ್ಟಿಂದಲ್ಲ ಕಣ್ರೀ, ನಮ್ ಗದ್ದೆ ಗೋಧೀದೇ!" ಬೀಗಿತ್ತಿ ಅದನ್ನು ನೆಂಟರಿಗೆಲ್ಲ ಸಾರಿಯೂ ಆಗಿತ್ತು. ಇನ್ನು ತಪ್ಪಿದರೆ ಮರ್ಯಾದೆ ಏನಾಗಬೇಕು?

"ಪೈರು ಅಳ್ದಿಗೆ ತಿರುಗ್ತಾ ಅದೆ. ನೀರ್ ಬಸಿದ್ಬುಡಿ. ಇದು ಭತ್ತ ಅಲ್ಲ ಕಣ್ರೀ," ಅಂದಳು ಅಕ್ಕ.

"ನೀರಿಲ್ದೆ ಬೆಳೆಯಾಕೆ ಇದೇನ್ ಕಳ್ಳಿಗಿಡ್ವಾ? ಒಟ್ಟೆ ಅಸ್ಕಂಡದೆ, ಅಷ್ಟೇಯ!"

ಭಾವ ಧಾರಾಳವಾಗಿ ಯೂರಿಯಾ ಎರಚಿದರು. ಅದು ಕರಗಲಿ ಅಂತ ಇನ್ನಷ್ಟು ನೀರು. ಬೇರು ಉಸಿರುಕಟ್ಟಿ ಪೈರು ಇನ್ನಷ್ಟು ಹಳದಿ. ಮತ್ತೆ ಯೂರಿಯಾ.

ನಗಬೇಡಿ. ಟ್ಯೂಷನ್ನಿಂದ ಮಗು ಸೊರಗಿದರೆ ನಾವು ಕೊಡಿಸುವುದೇನು? ಇನ್ನೊಂದು ಟ್ಯೂಷನ್ ತಾನೇ?

ಅಷ್ಟರಲ್ಲಿ ನಾಲೆಗೆ ನೀರು ಬಿಡುವುದು ನಿಂತಿತು. ಗದ್ದೆ ಆರಿತು. ಮಣ್ಣಲ್ಲಿ ಉಳಿದಿದ್ದ ಯೂರಿಯಾ ಮೈಗೆ ಹತ್ತಿ ಗೋಧಿ ಎದೆಮಟ್ಟ ಬೆಳೆಯಿತು, ಅಚ್ಚಹಸಿರು! ಬೀಗರಿಗೆ ವಾಟ್ಸ್ಆ್ಯಪ್ ಫೋಟೋ ಹೋಯಿತು. ನಾಲೆಗೆ ಮತ್ತೆ ನೀರು ಬಂದ ದಿನ ಭಾವ ಖುಷಿಗೆ ಇನ್ನೊಂದು ಸಲ ಕಟ್ಟಿದರು. ಸಂಜೆ ಗಾಳಿ ಬೀಸಿತು. (ಬಿರುಗಾಳಿಯಲ್ಲ, ದೀಪ ಆರಿಸುವಷ್ಟು.) ಯೂರಿಯಾ ತಿಂದು ಉದ್ದಕ್ಕೆ ಬೆಳೆದ ಮೆದು ದಂಟು, ಬುಡದಲ್ಲಿ ಕೆಸರು; ಬೆಳಿಗ್ಗೆ ನೋಡಿದರೆ ಇಡೀ ಗದ್ದೆ ಚಾಪೆ ಹಾಸಿದ ಹಾಗೆ ಮಲಗಿತ್ತು. ತೆನೆಯಲ್ಲಿ ಕಾಳಿಗಿಂತ ಹೊಟ್ಟೇ ಜಾಸ್ತಿ. ಬಾಯಿ ಮುಚ್ಚಿ ಗೊತ್ತಿಲ್ಲದ ಭಾವ ಅವತ್ತು ಮುದ್ದೆಗೂ ಬಾಯಿ ತೆರೆಯಲಿಲ್ಲ.

ನೆಟ್ಟಗೆ ನಿಂತಿದ್ದು ಮೇಲಿನ ಮೂಲೆಯ ದಿಬ್ಬದ ಗೋಧಿ ಮಾತ್ರ. ಅಲ್ಲಿಗೆ ನೀರು ಹತ್ತುತ್ತಿರಲಿಲ್ಲ, ತೇವವಷ್ಟೇ. ಭಾವನ ಯೂರಿಯಾ ಕೈಯೂ ಅಷ್ಟು ದೂರ ಚಾಚಿದ್ದು ಒಂದೇ ಸಲ. ಅಕ್ಕ ಅದನ್ನು ಕೊಯ್ದು, ಬಡಿದು, ಒಂದು ಮೊರ ಕಾಳು ಮಾಡಿದಳು.

ಮದುವೆಯಲ್ಲಿ ಆ ಗೋಧಿಯ ಒಬ್ಬಟ್ಟು ಬಿದ್ದದ್ದು ಬೀಗರ ಎಲೆಗೆ ಮಾತ್ರ. ಮಿಕ್ಕವರಿಗೆ ಸಾಲಿಗ್ರಾಮದ ಅಂಗಡಿ ಹಿಟ್ಟು. (ನನಗೂ!)

ಬೀಗಿತ್ತಿ ಬಾಯಿ ಚಪ್ಪರಿಸಿದರು. "ಗೋಧಿಯೇನೋ ನಿಮ್ದು ಸರಿ ಬೀಗ್ರೇ. ಊರ್ಣದ ಕಡ್ಲೆಬೇಳೆ?"

ಭಾವನ ಮುಖ ಅರಳಿತು. "ಬರೋ ಯುಗಾದಿಗೆ ಅದೂ ನಮ್ದೇ ಬುಡವ್ವಾ!"

ಮೊನ್ನೆ ಭಾವ ಕಡಲೆ ಬಿತ್ತಿದರು. ಅವತ್ತು ಸಂಜೆಯೇ ತೂಬು ತೆಗೆದು ಗದ್ದೆ ತುಂಬ ನೀರು ಕಟ್ಟಿದರು.